ಹೊಸ ದಾದಿಯನ್ನು ಒಂಟಿಯಾಗಿ ಬಿಡಬಾರದು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತು ಬಿಟ್ಟು ಇವತ್ತು ಮಾನಸಿಕ ರೋಗಿಗಳ ದಾದಿಯರ ವಿಷಯವೇಕೆ ಎಂದು ನೀವು ಕೇಳಬಹುದು. ಶ್ರೀಮಂತನ ಮನೆಯಲ್ಲಿ ಯಾರದಾದರೂ ಮನಸ್ಸು ಕೆಟ್ಟರೆ ಖಾಸಗಿ ವೈದ್ಯರಿದ್ದಾರೆ, ಕಾವಲಿಗೆ ಆಳುಗಳಿದ್ದಾರೆ. ನಮ್ಮ ಮನೆಯಲ್ಲಿ ಕೆಟ್ಟರೆ ಸರ್ಕಾರಿ ಆಸ್ಪತ್ರೆಯೇ ಗತಿ. ಅಲ್ಲಿ ವೈದ್ಯರು ಬಂದು ನೋಡಿ ಹೋಗುತ್ತಾರೆ. ಹಗಲೂ ರಾತ್ರಿ ರೋಗಿಯ ಬಳಿ ಇರುವವರು ದಾದಿಯರು. ಆದ್ದರಿಂದ ಇದು ನಮ್ಮದೇ ವಿಷಯ.

ಈ ಕೆಲಸಕ್ಕೆ ನಮ್ಮ ನಾಡಿನಲ್ಲಿ ಇತಿಹಾಸವಿದೆ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದೂ ಅಲ್ಲಿಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಜಿಲ್ಲಾ ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದೆಂಬ ಪ್ರಯೋಗ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆಯಿತು. 1996ರಲ್ಲಿ ಅದೇ ಮಾದರಿಯ ಮೇಲೆ ದೇಶದ ಜಿಲ್ಲಾ ಕಾರ್ಯಕ್ರಮ ಆರಂಭವಾಯಿತು. ಯೋಜನೆ ಕಾಗದದ ಮೇಲೆ ಚೆನ್ನಾಗಿದೆ. ಅದನ್ನು ನಡೆಸುವ ಕೈಗಳ ಸ್ಥಿತಿ ಏನು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಸಾಮಾನ್ಯ ನರ್ಸಿಂಗ್ ಡಿಪ್ಲೊಮಾ ಅಥವಾ ಪದವಿ ಪಡೆದು ನೋಂದಾಯಿಸಿಕೊಂಡವರೂ ಮಾನಸಿಕ ಆರೋಗ್ಯ ದಾದಿಯೇ. ಹೆಚ್ಚಿನ ತರಬೇತಿ ಪಡೆದವರೂ ಇದ್ದಾರೆ. ಆದರೆ ಸಾಮಾನ್ಯ ನರ್ಸಿಂಗ್‌ನಲ್ಲಿ ಮನೋರೋಗ ಹಲವು ವಿಷಯಗಳಲ್ಲಿ ಒಂದು. ಅಷ್ಟು ಓದಿದ ಹುಡುಗಿಯೋ ಹುಡುಗನೋ ನೇರವಾಗಿ ವಾರ್ಡಿಗೆ ಬಂದು ನಿಲ್ಲಬಹುದು.

ನಾನು ಮೇಷ್ಟ್ರಾಗಿದ್ದವನು. ಪಾಠದ ಕ್ರಮವನ್ನು ಓದುವುದೇ ಬೇರೆ, ಗದ್ದಲ ಮಾಡುವ ಎಪ್ಪತ್ತು ಮಕ್ಕಳ ಮುಂದೆ ನಿಲ್ಲುವುದೇ ಬೇರೆ. ದಾದಿಗೂ ಹಾಗೆಯೇ. ಮಾತ್ರೆ ಕೊಟ್ಟರೆ ಸಾಲದು; ನುಂಗಿದನೋ, ನಾಲಿಗೆಯ ಕೆಳಗೆ ಅಡಗಿಸಿದನೋ ನೋಡಬೇಕು. ಕೆಲವು ಔಷಧಿಗಳಿಂದ ರೋಗಿಗೆ ಕುಳಿತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಹೊಸಬರು ಅದನ್ನು ರೋಗ ಕೆರಳಿತೆಂದು ತಿಳಿದು ಇನ್ನಷ್ಟು ಔಷಧಿ ಕೇಳಿಯಾರು. ಅನುಭವಸ್ಥರು ಇದು ಔಷಧಿಯ ಉಪದ್ರವವಿರಬಹುದೆಂದು ಕೂಡಲೇ ವೈದ್ಯರಿಗೆ ತಿಳಿಸುತ್ತಾರೆ. ಲಿಥಿಯಂ ತೆಗೆದುಕೊಳ್ಳುವವನಿಗೆ ವಾಂತಿ, ಭೇದಿ, ಹೆಚ್ಚಿದ ಕೈನಡುಕ ಕಂಡರೆ ಅದು ಅಪಾಯದ ಸೂಚನೆ. "ಯಾರೋ ನನ್ನನ್ನು ಕೊಲ್ಲಲು ಬರುತ್ತಿದ್ದಾರೆ" ಎನ್ನುವವನೊಡನೆ ವಾದಿಸಲೂ ಬಾರದು, ಹೌದೆನ್ನಲೂ ಬಾರದು. ಅವನ ಭಯವನ್ನು ಮಾತ್ರ ಕೇಳಬೇಕು. ಇವೆಲ್ಲ ಪುಸ್ತಕದಲ್ಲಿವೆ. ಆದರೆ ಕಣ್ಣಿಗೆ, ಕಿವಿಗೆ ಅಭ್ಯಾಸವಾಗುವುದು ಹಿರಿಯರ ಪಕ್ಕದಲ್ಲಿ ನಿಂತಾಗ.

ಹಾಗೆ ಅಭ್ಯಾಸವಾಗದಿದ್ದರೆ ಏನಾಗುತ್ತದೆ? ಭಯ ಕೆಲಸ ಮಾಡುತ್ತದೆ. ಭಯಪಟ್ಟವರ ಕೈ ಹಗ್ಗವನ್ನು ಹುಡುಕುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ ರೋಗಿಗಳು ಓಡಲಾರದೆ ಬೆಂದರು. ಸತ್ತವರು 28 ಮಂದಿ. ಈಗಿನ ಕಾಯಿದೆ ಸಂಕೋಲೆಯನ್ನೂ ಒಂಟಿಕೋಣೆಯನ್ನೂ ನಿಷೇಧಿಸಿದೆ. ಕೂಡಲೇ ಆಗುವ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ ಮಾತ್ರ ರೋಗಿಯನ್ನು ಹಿಡಿದಿಡಬಹುದು. ಸಿಬ್ಬಂದಿ ಕಡಿಮೆಯೆಂಬ ಕಾರಣಕ್ಕೆ ಹಾಗೆ ಮಾಡಕೂಡದೆಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಒಳ್ಳೆಯ ಮಾತು! ಆದರೆ ಸಿಬ್ಬಂದಿ ಕಡಿಮೆ ಮಾಡುವವರು ಮೇಲೆ ಕುಳಿತವರು, ಕಾಯಿದೆ ಮುರಿದ ಹೊಣೆ ಹೊರುವವಳು ರಾತ್ರಿ ಪಾಳಿಯ ಎಳೆಯ ದಾದಿ. ಇದು ಯಾವ ನ್ಯಾಯ?

ಗಿರಣಿಯ ಅಣ್ಣಂದಿರೇ, ಮಗ್ಗದ ಖಾತೆಗೆ ಹೊಸಬ ಬಂದರೆ ಅವನನ್ನು ಹಳೆಯ ಕೈಯ ಪಕ್ಕದಲ್ಲಿ ನಿಲ್ಲಿಸುತ್ತೀರಿ. ನೂಲಿಗೆ ಸಿಗುವ ಎಚ್ಚರಿಕೆ ಮನುಷ್ಯನ ಮನಸ್ಸಿಗೆ ಬೇಡವೇ? ಎಳೆ ಕಡಿದರೆ ಗಂಟು ಹಾಕಬಹುದು. ಹೋದ ಜೀವಕ್ಕೆ ಗಂಟು ಎಲ್ಲಿದೆ? ಇಂಗ್ಲೆಂಡಿನಲ್ಲಿ ಹೊಸ ದಾದಿಗೆ ಅನುಭವಿಯೊಬ್ಬರನ್ನು ಜೊತೆಗೊಡುವ ಪದ್ಧತಿಯಿದೆ. ಅದರ ತತ್ತ್ವಗಳನ್ನು ಅಲ್ಲಿಯ ನರ್ಸಿಂಗ್ ಮಂಡಳಿ 2020ರಲ್ಲಿ ಪ್ರಕಟಿಸಿತು. ಅಲ್ಲಿಯೂ ಕೊರತೆಗಳಿವೆ, ಆದರೆ ತತ್ತ್ವ ಸರಿಯಾದದ್ದು.

ನಾವು ಕೇಳಬೇಕಾದದ್ದು ಇಷ್ಟು. ಮೊದಲ ಆರು ತಿಂಗಳು ಹೊಸ ದಾದಿ ಹಿರಿಯರ ಜೊತೆಯಲ್ಲೇ ಕೆಲಸ ಮಾಡಲಿ. ಆ ಅವಧಿಯಲ್ಲಿ ರಾತ್ರಿ ಪಾಳಿಯನ್ನು ಅವಳೊಬ್ಬಳ ತಲೆಗೆ ಕಟ್ಟಬೇಡಿ. ವಾರಕ್ಕೊಂದು ಗಂಟೆ ತನ್ನ ಕಷ್ಟ, ಅನುಮಾನ ಹೇಳಿಕೊಳ್ಳಲು ಬಿಡುವು ಕೊಡಿ. ಗುತ್ತಿಗೆ ಬಿಟ್ಟು ಕಾಯಂ ನೇಮಕ ಮಾಡಿ. ನಾಳೆ ಇರುತ್ತೇನೋ ಇಲ್ಲವೋ ಎನ್ನುವವರು ಇಂದು ಹೇಗೆ ಕಲಿತಾರು?

ನಮ್ಮ ಪಾಲಿನ ಕರ್ತವ್ಯವೂ ಇದೆ. "ಹುಚ್ಚಾಸ್ಪತ್ರೆಯ ನರ್ಸು" ಎಂದು ಆಡಿಕೊಳ್ಳುವುದನ್ನು ಬಿಡೋಣ. ಮನೆಗೆ ಬಂದ ರೋಗಿ ಮಾತ್ರೆ ಬಿಟ್ಟರೆ ಮುಚ್ಚಿಡದೆ ಆಸ್ಪತ್ರೆಗೆ ತಿಳಿಸೋಣ. 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ, ಸಂಖ್ಯೆ 14416. ಅದನ್ನು ಅಂಗಡಿಯ ಗೋಡೆಗೂ ಗಿರಣಿಯ ಬಾಗಿಲಿಗೂ ಬರೆದು ಹಚ್ಚಿ.

ರೋಗಿಯ ಹಕ್ಕೂ ದಾದಿಯ ಹಕ್ಕೂ ಬೇರೆ ಬೇರೆಯಲ್ಲ. ಒಂದನ್ನು ಕಡೆಗಣಿಸಿ ಇನ್ನೊಂದನ್ನು ಕಾಪಾಡಲಾಗದು.