ಎರಡು ಉಂಗುರಗಳ ನಡುವೆ ಯುರೇನಿಯಂ

ಸೊಲ್ಲಾಪುರ, ಜತ್ತ ಕಡೆಯ ಕೇಳುಗರಿಗೆ ದಾಳಿಂಬೆಯ ವಿಷಯ ನಾವು ಹೇಳಿಕೊಡಬೇಕಾಗಿಲ್ಲ. ಹಣ್ಣಿನ ಬಣ್ಣ, ಬೆಲೆ, ರೋಗ ಎಲ್ಲ ನಿಮಗೆ ಗೊತ್ತು. ಆದರೆ ದಾಳಿಂಬೆ ಗಿಡದ ತೊಗಟೆಗೂ ಯುರೇನಿಯಂ ಎಂಬ ಲೋಹಕ್ಕೂ ಒಂದು ನಂಟಿದೆ ಎಂದರೆ ಆಶ್ಚರ್ಯವಾದೀತು. ಇವತ್ತು ಆ ನಂಟಿನ ಕತೆ ಹೇಳುತ್ತೇನೆ.

ದಾಳಿಂಬೆಯ ತೊಗಟೆಯಲ್ಲಿ ಒಂದು ಸಸ್ಯಕ್ಷಾರವಿದೆ. ಜರ್ಮನಿಯ ರಸಾಯನವಿಜ್ಞಾನಿ ರಿಚರ್ಡ್ ವಿಲ್‌ಸ್ಟೇಟರ್ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾರ್ಪಡಿಸುತ್ತ ಹೋಗಿ 1911ರಲ್ಲಿ ಒಂದು ಹಳದಿ ದ್ರವವನ್ನು ಪಡೆದರು. ಅದರ ಒಂದೊಂದು ಅಣುವಿನಲ್ಲೂ ಎಂಟು ಇಂಗಾಲದ ಪರಮಾಣುಗಳು ಕೋಲಾಟದವರಂತೆ ಸುತ್ತುಗಟ್ಟಿ ನಿಂತಿರುತ್ತವೆ. ಹೆಸರು ಸೈಕ್ಲೋಆಕ್ಟಟೆಟ್ರಈನ್. ಬಾಯಿಗೆ ಕಷ್ಟವಾದ ಹೆಸರು. ನಾವು ಎಂಟರ ಉಂಗುರ ಎನ್ನೋಣ. ಅವರ ಮಾತನ್ನು ಹಲವರು ನಂಬಲಿಲ್ಲ. 1940ರ ದಶಕದಲ್ಲಿ ವಾಲ್ಟರ್ ರೆಪೆ ಎಂಬುವರು ಅಸಿಟಿಲೀನ್ ಅನಿಲದ ನಾಲ್ಕು ನಾಲ್ಕು ಅಣುಗಳನ್ನು ಬೆಸೆದು ಅದೇ ದ್ರವವನ್ನು ಮಾಡಿ ತೋರಿಸಿದ ಮೇಲೆ ಅನುಮಾನ ತೀರಿತು. ವೆಲ್ಡಿಂಗ್ ಅಂಗಡಿಯಲ್ಲಿ ಉರಿಯುತ್ತದಲ್ಲ, ಅದೇ ಅನಿಲ.

ಈ ಉಂಗುರ ಚಪ್ಪಟೆಯಾಗಿಲ್ಲ; ದೋಣಿಯ ಹಾಗೆ ಬಾಗಿಕೊಂಡಿರುತ್ತದೆ. ಆದರೆ ಅದಕ್ಕೆ ಹೊರಗಿನಿಂದ ಎರಡು ಎಲೆಕ್ಟ್ರಾನುಗಳನ್ನು ಕೊಟ್ಟರೆ ಹೆಂಚಿನ ಮೇಲಿನ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಈ ಗುಣವನ್ನು ನೆನಪಿಡಿ.

ಈಗ ಸ್ವಲ್ಪ ಅಮೆರಿಕಕ್ಕೆ ಹೋಗೋಣ. 1951ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಕೀಲಿ ಮತ್ತು ಪಾಸನ್ ಎಂಬಿಬ್ಬರಿಗೆ ಕಿತ್ತಳೆ ಬಣ್ಣದ ಹೊಸ ಪುಡಿಯೊಂದು ಸಿಕ್ಕಿತು. ಅದರಲ್ಲಿ ಕಬ್ಬಿಣವಿತ್ತು, ಐದೈದು ಇಂಗಾಲದ ಎರಡು ಉಂಗುರಗಳೂ ಇದ್ದವು. ಮರುವರ್ಷ ಅದರ ರಚನೆ ತಿಳಿಯಿತು. ಎರಡು ರೊಟ್ಟಿಗಳ ನಡುವೆ ಬೆಣ್ಣೆಯ ಮುದ್ದೆ ಇಟ್ಟಂತೆ, ಮೇಲೊಂದು ಉಂಗುರ, ಕೆಳಗೊಂದು ಉಂಗುರ, ನಡುವೆ ಕಬ್ಬಿಣದ ಪರಮಾಣು! ಇದೇ ಫೆರೋಸೀನ್. ಇಂಥ ವಸ್ತುಗಳಿಗೆ ಸ್ಯಾಂಡ್‌ವಿಚ್ ಸಂಯುಕ್ತಗಳು ಎಂದು ಹೆಸರಾಯಿತು. ಈ ಕ್ಷೇತ್ರದ ಕೆಲಸಕ್ಕಾಗಿ ಅರ್ನ್‌ಸ್ಟ್ ಫಿಷರ್ ಮತ್ತು ಜೆಫ್ರಿ ವಿಲ್ಕಿನ್ಸನ್ ಅವರಿಗೆ 1973ರ ನೊಬೆಲ್ ಬಹುಮಾನ ಬಂತು.

ಕಬ್ಬಿಣಕ್ಕೆ ಇದು ಸಾಧ್ಯವಾದರೆ ಯುರೇನಿಯಮ್ಮಿಗೂ ಸಾಧ್ಯವೇ? ಪ್ರಶ್ನೆ ಸಣ್ಣದಲ್ಲ. ಕಬ್ಬಿಣದಂಥ ಲೋಹಗಳಲ್ಲಿ ನಂಟು ಬೆಳೆಸುವ ಎಲೆಕ್ಟ್ರಾನುಗಳು ಜಗಲಿಯ ಮೇಲೆ ಕುಳಿತವರ ಹಾಗೆ. ಬಂದವರೊಡನೆ ಮಾತಿಗೆ ಇಳಿಯುತ್ತವೆ. ಟರ್ಬಿಯಮ್ಮಿನಂಥ ಲ್ಯಾಂಥನೈಡ್ ಲೋಹಗಳಲ್ಲಿ ಎಫ್ ಎಂಬ ಎಲೆಕ್ಟ್ರಾನುಗಳು ನಡುಮನೆ ಬಿಟ್ಟು ಹೊರಗೆ ಬರುವುದೇ ಅಪರೂಪ. ಯುರೇನಿಯಂ ಸೇರಿದ ಆಕ್ಟಿನೈಡ್ ಕುಟುಂಬದಲ್ಲೂ ಎಫ್ ಎಲೆಕ್ಟ್ರಾನುಗಳಿವೆ. ಅವು ಜಗಲಿಯವೋ, ನಡುಮನೆಯವೋ?

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಂಡ್ರೂ ಸ್ಟ್ರೈಟ್‌ವೀಸರ್ ಅವರು ಎಂಟರ ಉಂಗುರದ ಎಲೆಕ್ಟ್ರಾನುಗಳ ವಿನ್ಯಾಸವೂ ಯುರೇನಿಯಮ್ಮಿನ ಎಫ್ ವಿನ್ಯಾಸವೂ ಬೀಗ ಮತ್ತು ಬೀಗದ ಕೈಯಂತೆ ಹೊಂದಬಹುದೆಂದು ಕಾಗದದ ಮೇಲೆ ಲೆಕ್ಕ ಹಾಕಿದರು. 1968ರಲ್ಲಿ ಅವರೂ ಉಲ್ರಿಚ್ ಮುಲ್ಲರ್-ವೆಸ್ಟರ್‌ಹಾಫ್ ಅವರೂ ಅದನ್ನು ಮಾಡಿಯೇ ಬಿಟ್ಟರು. ಗಾಳಿ ತಾಗದ ಪಾತ್ರೆಯಲ್ಲಿ ಉಂಗುರಗಳಿಗೆ ಪೊಟ್ಯಾಸಿಯಂ ಲೋಹದಿಂದ ಎಲೆಕ್ಟ್ರಾನು ಕೊಟ್ಟರು, ಅವು ಚಪ್ಪಟೆಯಾದವು. ಆಮೇಲೆ ಯುರೇನಿಯಂ ಕ್ಲೋರೈಡನ್ನು ಬೆರೆಸಿದರು. ಹಸಿರು ಹರಳುಗಳು ದೊರೆತವು. ಫೆರೋಸೀನಿನ ಹೆಸರಿನ ಜಾಡಿನಲ್ಲೇ ಇದಕ್ಕೆ ಯುರೇನೋಸೀನ್ ಎಂದು ಹೆಸರಿಟ್ಟರು.

ಇದರ ಸ್ವಭಾವವೇ ವಿಚಿತ್ರ. ನೀರು ಹಾಕಿದರೆ ಕೆಡುವುದಿಲ್ಲ. ಗಾಳಿ ತಾಗಿದರೆ ಮಾತ್ರ ಭಗ್ಗನೆ ಹೊತ್ತಿಕೊಳ್ಳುತ್ತದೆ! 1969ರಲ್ಲಿ ಎಕ್ಸ್-ಕಿರಣಗಳಿಂದ ನೋಡಿದಾಗ ಎರಡೂ ಉಂಗುರಗಳು ಚಪ್ಪಟೆಯಾಗಿ, ಒಂದಕ್ಕೊಂದು ಸಮಾನಾಂತರವಾಗಿ, ಮೂಲೆಗೆ ಮೂಲೆ ಹೊಂದಿ ನಿಂತಿದ್ದವು; ಯುರೇನಿಯಂ ನಟ್ಟನಡುವೆ ಇತ್ತು.

ಹಾಗಾದರೆ ಎಫ್ ಎಲೆಕ್ಟ್ರಾನುಗಳು ಜಗಲಿಗೆ ಬಂದವೇ? ಬಂದವು, ಆದರೆ ಅರ್ಧ ಬಾಗಿಲಿನವರೆಗೆ ಎನ್ನಬೇಕು. ಮುಂದೆ ನಡೆದ ಲೆಕ್ಕಾಚಾರಗಳಲ್ಲಿ ತಿಳಿದುದೇನೆಂದರೆ, ಬಂಧದ ಹೆಚ್ಚಿನ ಭಾರವನ್ನು ಡಿ ಎಂಬ ಇನ್ನೊಂದು ಬಗೆಯ ಕಕ್ಷೆಗಳು ಹೊರುತ್ತವೆ. ಎಫ್ ಕಕ್ಷೆಗಳೂ ತಮ್ಮ ಪಾಲಿನ ಹೆಗಲು ಕೊಡುತ್ತವೆ. ಮೊದಲಿನ ಊಹೆ ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ.

ಮುಂದಿನ ವರ್ಷಗಳಲ್ಲಿ ಥೋರಿಯಂ, ನೆಪ್ಚೂನಿಯಂ, ಪ್ಲುಟೋನಿಯಂ ಲೋಹಗಳಿಂದಲೂ ಇಂಥ ಸ್ಯಾಂಡ್‌ವಿಚ್‌ಗಳಾದವು. ಕೇರಳದ ಕೊಲ್ಲಂ ಕಡಲತೀರದ ಮೋನಜೈಟ್ ಮರಳಿನಲ್ಲಿ ಇರುವುದೂ ಈ ಥೋರಿಯಮ್ಮೇ. 2025ರಲ್ಲಿ ಬರ್ಕ್ಲಿಯಲ್ಲೇ ಬರ್ಕಿಲೋಸೀನ್ ಬೆಳಕಿಗೆ ಬಂತು. ಅದಕ್ಕೆ ವಿಜ್ಞಾನಿಗಳ ಕೈಗೆ ಸಿಕ್ಕ ಬರ್ಕಿಲಿಯಂ ಬರೀ 0.3 ಮಿಲಿಗ್ರಾಂ. ಬರ್ಕಿಲಿಯಂ ತನ್ನ ಮೇಲಿನ ಮನೆಯ ಟರ್ಬಿಯಮ್ಮಿನಂತೆ ನಡೆದುಕೊಳ್ಳಬೇಕೆಂದು ಆವರ್ತ ಕೋಷ್ಟಕ ಹೇಳುತ್ತದೆ. ಈ ಅಣುವಿನಲ್ಲಿ ಅದು ಹಾಗೆ ನಡೆದುಕೊಳ್ಳಲಿಲ್ಲ.

ಇದರಿಂದ ನಮಗೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯುರೇನೋಸೀನಿನಿಂದ ದೀಪ ಉರಿಯುವುದಿಲ್ಲ, ಪಂಪು ಓಡುವುದಿಲ್ಲ. ಆದರೆ ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನದಲ್ಲಿ ಆಕ್ಟಿನೈಡುಗಳೂ ಲ್ಯಾಂಥನೈಡುಗಳೂ ಕಲಸಿಹೋಗಿರುತ್ತವೆ. ಸಾವಿರಾರು ವರ್ಷ ವಿಕಿರಣ ಸೂಸುವ ಕೆಲವನ್ನು ಉಳಿದವುಗಳಿಂದ ಬೇರೆ ಮಾಡಿದರೆ ಮುಂದಿನ ತಲೆಮಾರಿನ ಹೊರೆ ಇಳಿಯುತ್ತದೆ. ಬೇರೆ ಮಾಡುವುದೇ ಕಷ್ಟ. ಎರಡು ಕುಟುಂಬಗಳೂ ಅವಳಿಗಳಂತೆ ಕಾಣುತ್ತವೆ. ಅವಳಿಗಳನ್ನು ತಾಯಿ ಒಂದು ಮಚ್ಚೆಯಿಂದ ಗುರುತಿಸುತ್ತಾಳೆ. ಆಕ್ಟಿನೈಡುಗಳ ಎಲೆಕ್ಟ್ರಾನುಗಳು ಬಾಗಿಲಿಗೆ ಒಂದು ಹೆಜ್ಜೆ ಹೆಚ್ಚು ಹತ್ತಿರ ಬರುತ್ತವೆ ಎಂಬುದೇ ಇಲ್ಲಿ ಮಚ್ಚೆ. ಆ ಹೆಜ್ಜೆ ಎಷ್ಟು ಉದ್ದ ಎಂದು ಅಳೆಯಲು ಈ ಸ್ಯಾಂಡ್‌ವಿಚ್ ಅಣುಗಳು ಅಳತೆಗೋಲಾಗಿವೆ.

ವಿಲ್‌ಸ್ಟೇಟರ್ ತೊಗಟೆ ಕುದಿಸಿದಾಗ ಅವರಿಗೆ ಯುರೇನಿಯಮ್ಮಿನ ಯೋಚನೆ ಇರಲಿಲ್ಲ. ಐವತ್ತೇಳು ವರ್ಷಗಳ ನಂತರ ಅವರ ಉಂಗುರ ಇನ್ನೊಬ್ಬರ ಪ್ರಶ್ನೆಗೆ ಉತ್ತರವಾಯಿತು. ಮುಂದಿನ ಬಾರಿ ದಾಳಿಂಬೆ ಸವರುವಾಗ ಕತ್ತರಿಸಿ ಬಿದ್ದ ರೆಂಬೆಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ.