ಕರಿನೀರಿನಲ್ಲಿ ಒಂದು ವಾರ

ಬೇಸಗೆಯ ರಜಕ್ಕೆ ಅಂಡಮಾನಿಗೆ ಹೋಗುವುದೆಂದು ನಿಶ್ಚಯವಾದ ದಿನ ನನ್ನ ತಾಯಿಯವರು ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟು, “ರಜಕ್ಕೆ ಯಾರಾದರೂ ಕರಿನೀರಿಗೆ ಹೋಗುತ್ತಾರೇನೋ?” ಎಂದರು. ಅವರ ಪಾಲಿಗೆ ಅಂಡಮಾನೆಂದರೆ 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲರ್ ಜೈಲು. ಹೋದವರು ಹಿಂದಿರುಗದ ಊರು. ಮಕ್ಕಳಿಗಾದರೋ ಅದು ಮೀನು, ಹವಳ, ಮೊಸಳೆಗಳ ಊರು. ಕೊನೆಗೆ ಮೊಮ್ಮಕ್ಕಳ ಮಾತೇ ಗೆದ್ದಿತು. ಚಕ್ಕುಲಿಯ ಡಬ್ಬಿಯೊಡನೆ ತಾಯಿಯವರೂ ಹೊರಟರು.

ಚೆನ್ನೈಯಿಂದ ವಿಮಾನದಲ್ಲಿ ಎರಡು ಗಂಟೆಯ ಹಾದಿ. ನಾವು ಇಳಿದ ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಬೆಳಗಿನ ಐದೂವರೆಗೇ ಕಿಟಕಿಯಲ್ಲಿ ಬಿಸಿಲು, ಸಂಜೆ ಆರಕ್ಕೆ ಕತ್ತಲೆ.

ಮೊದಲು ಕಾಡು ನೋಡಿದೆವು. ಊರಿನೆದುರಿನ ಮೌಂಟ್ ಹ್ಯಾರಿಯೆಟ್ ಬೆಟ್ಟಕ್ಕೆ 2021ರಲ್ಲಿ ಮೌಂಟ್ ಮಣಿಪುರ ಎಂದು ಹೆಸರಿಟ್ಟರು. 1891ರ ಯುದ್ಧದ ಬಳಿಕ ಗಡೀಪಾರಾದ ಮಣಿಪುರದ ರಾಜನನ್ನೂ ಅವನ ಸಂಗಡಿಗರನ್ನೂ ಅಲ್ಲಿ ಇರಿಸಿದ್ದರ ನೆನಪಿಗಾಗಿ. ಅಲ್ಲಿ ಗೋಡೆಯಂತೆ ಬೇರು ಹರಡಿದ ಮರಗಳು. ಪಡೌಕ್ ಎಂಬ ಮರ ನಮ್ಮ ಹೊನ್ನೆಯ ಬಳಗದ್ದು. “ಹುಲಿ ಇದೆಯೇ ಅಪ್ಪ?” ಎಂದಳು ಮಗಳು. ಹುಲಿ, ಚಿರತೆ ಇಲ್ಲ. ಅಂಡಮಾನಿನ ಮೂಲನಿವಾಸಿಗಳಲ್ಲಿ ಮಂಗವೂ ಇಲ್ಲ. “ಮಂಗವಿಲ್ಲದ ಕಾಡೇ!” ಎಂದು ತಾಯಿಯವರು ಬೆರಗಾದರು. ಸುತ್ತಲೂ ಕಡಲಿರುವ ನೆಲಕ್ಕೆ ಎಲ್ಲ ಪ್ರಾಣಿಗಳೂ ಬರಲಾರವು. ಬಂದವುಗಳಲ್ಲಿ ಹಲವು ಅಲ್ಲಿಯೇ ಬೇರೆ ಜಾತಿಗಳಾಗಿ ಬೆಳೆದವು. ಕೆಂಪು ಜುಟ್ಟಿನ ಕರಿಯ ಮರಕುಟಿಗವೊಂದನ್ನು ಕಂಡೆವು. ಅದು ಅಂಡಮಾನ್ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲಿಯೂ ಇಲ್ಲ.

ಮರುದಿನ ವಂಡೂರಿಗೆ ಹೋದೆವು. 1983ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಅಲ್ಲಿಂದ ದೋಣಿ. ಹವಳಕ್ಕೆ ವಿಶ್ರಾಂತಿ ಸಿಗಲೆಂದು ಜಾಲಿ ಬಾಯ್, ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯ ಮೇಲೆ ತೆರೆಯುತ್ತಾರೆ. ಪ್ಲಾಸ್ಟಿಕ್ಕಿಗೆ ಪ್ರವೇಶವಿಲ್ಲ. ಚಕ್ಕುಲಿಯ ಡಬ್ಬಿ ಸ್ಟೀಲಿನದಾದ್ದರಿಂದ ಪಾರಾಯಿತು!

ದೋಣಿಯ ತಳದ ಗಾಜಿನಲ್ಲಿ ಕಂಡದ್ದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಜಿಂಕೆಯ ಕೊಂಬಿನಂಥ ಹವಳ, ಮೆದುಳಿನಂತೆ ಸುರುಳಿಗಟ್ಟಿದ ಹವಳ, ನಡುವೆ ಪಟ್ಟೆಪಟ್ಟೆಯ ಮೀನು. ಅಲ್ಲಲ್ಲಿ ಸುಣ್ಣ ಬಳಿದಂಥ ಬಿಳಿಯ ಗೊಂಚಲು. ಮಗ, “ಅದೇ ಎಲ್ಲಕ್ಕಿಂತ ಚೆಂದ” ಎಂದ. ದೋಣಿಯವನು ತಲೆಯಾಡಿಸಿದ: “ಅದು ಕಾಯಿಲೆ, ಸ್ವಾಮಿ.”

ಹವಳ ಕಲ್ಲಲ್ಲ, ಸಣ್ಣ ಪ್ರಾಣಿಗಳ ಊರು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆಹಾರ ಮಾಡಿ ಆಶ್ರಯ ಕೊಟ್ಟವರಿಗೂ ಉಣಿಸುತ್ತದೆ. ಬಣ್ಣವೂ ಬಹುಮಟ್ಟಿಗೆ ಅದರದೇ. ಕಡಲಿನ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಂಡೀತು. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 2010ರ ಬೇಸಗೆಯಲ್ಲಿ ಅಂಡಮಾನಿನ ಹವಳ ಹೀಗೆಯೇ ಬಹಳವಾಗಿ ಬಿಳಿಚಿತ್ತು.

ದಂಡೆಗೆ ಬಂದಾಗ ಮಗನ ಜೇಬು ಉಬ್ಬಿತ್ತು. ಒಂದು ಹವಳದ ತುಂಡು. “ಸತ್ತದ್ದು ತಾನೇ ಅಪ್ಪ?” ಎಂದ. ಸತ್ತ ಹವಳದ ಮೇಲೆಯೇ ಹೊಸ ಹವಳದ ಮರಿ ನೆಲೆಯೂರುವುದು. ದಂಡೆಯ ಮರಳೂ ಬಹುಪಾಲು ಅದರದೇ ಪುಡಿ. ಕಾನೂನಿನಲ್ಲಿ ಹುಲಿಯಿರುವ ಪಟ್ಟಿಯಲ್ಲಿಯೇ ಹವಳವೂ ಇದೆಯೆಂದು ಹೇಳಿದೆ. ಅವನು ತಟ್ಟನೆ ಕೇಳಿದ: “ಹಾಗಾದರೆ ನಮ್ಮ ಗಾಜಿನ ಬೀರುವಿನಲ್ಲಿರುವುದು? ತಾತ ರಾಮೇಶ್ವರದಿಂದ ತಂದದ್ದಲ್ಲವೇ?”

ನನಗೆ ಉತ್ತರ ಹೊಳೆಯಲಿಲ್ಲ. ಚಿಕ್ಕಂದಿನಿಂದ ನಾನು ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದ ಕೊಂಬೆ ಅದು. ತಾಯಿಯವರೇ ಹೇಳಿದರು: “ನಿಮ್ಮ ತಾತನಿಗೆ ಅದು ಕಲ್ಲು, ಮಗು. ಜೀವವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಿನಗೆ ಹೇಳಿದ್ದಾರಲ್ಲ.” ಹುಡುಗ ಸ್ವಲ್ಪ ಹೊತ್ತು ನಿಂತು, ಮೊಣಕಾಲುದ್ದದ ನೀರಿಗಿಳಿದು ತುಂಡನ್ನು ಕೆಳಗಿಟ್ಟು ಬಂದ. ಎಸೆಯಲಿಲ್ಲ, ಇಟ್ಟ.

ಮಕ್ಕಳೊಡನೆ ಹೋಗುವವರಿಗೆ ನನ್ನದೊಂದೇ ಬಿನ್ನಹ: ನೀರಿಗಿಳಿದಾಗ ಹವಳದ ಮೇಲೆ ಕಾಲೂರದಿರಿ, ಜೇಬು ಬರಿದಾಗಿಯೇ ಹಿಂದಿರುಗಿ. ನಮ್ಮ ತಾಯಿಯವರಂತೂ ಈಗ ನೆರೆಮನೆಯವರಿಗೆಲ್ಲ, “ಕರಿನೀರೆಂದು ಯಾರು ಹೇಳಿದರೋ ಕಾಣೆ, ಹಸಿರೋ ಹಸಿರು!” ಎನ್ನುತ್ತಿದ್ದಾರೆ.