ವೇಗ ಬೇರೆ, ಸಮಯಪಾಲನೆ ಬೇರೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ನೋಡಿಕೊಳ್ಳುವುದು ಗಡುವಿನೊಳಗೆ ಉತ್ತರ ಕೊಡಲೇಬೇಕಾದ ಸರ್ವರ್‌ಗಳನ್ನು. ಇಂಥವಕ್ಕೆ ರಿಯಲ್ ಟೈಮ್ ವ್ಯವಸ್ಥೆ ಎನ್ನುತ್ತಾರೆ. ಪರೀಕ್ಷೆಯಲ್ಲಿ ಕೊನೆಯ ಗಂಟೆ ಹೊಡೆದ ಮೇಲೆ ಹೊಳೆದ ಉತ್ತರಕ್ಕೆ ಅಂಕವಿಲ್ಲ. ಇಲ್ಲಿಯೂ ಹಾಗೆಯೇ. ಕಾರು ಡಿಕ್ಕಿ ಹೊಡೆದಾಗ ಏರ್‌ಬ್ಯಾಗ್ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೇ ಉಬ್ಬಬೇಕು. ತಡವಾದರೆ ಅದು ಇದ್ದೂ ಇಲ್ಲದಂತೆ.

ವೇಗದ ಕಂಪ್ಯೂಟರ್ ತಂದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಯಾವುದು ಮೊದಲು, ಯಾವುದನ್ನು ಬಿಡಬಹುದು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

1969ರ ಜುಲೈ 20ರಂದು ಅಪೊಲೊ 11ರ ನೌಕೆ ಚಂದ್ರನ ಮೇಲೆ ಇಳಿಯುತ್ತಿತ್ತು. ಒಳಗೆ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಝ್ ಆಲ್ಡ್ರಿನ್ ಇದ್ದರು. ಇದ್ದಕ್ಕಿದ್ದಂತೆ ಕಂಪ್ಯೂಟರ್ 1202 ಎಂಬ ಎಚ್ಚರಿಕೆ ಕೊಟ್ಟಿತು. ಕೆಲಸ ಹೆಚ್ಚಾಗಿದೆ, ಹೊಸದಕ್ಕೆ ಜಾಗವಿಲ್ಲ ಎಂದು ಅದರ ಅರ್ಥ. ಇಳಿಯಲು ಬೇಕಿಲ್ಲದ ಒಂದು ರೇಡಾರಿನ ಸಂಕೇತಗಳು ಕಂಪ್ಯೂಟರಿನ ಸಮಯ ತಿನ್ನುತ್ತಿದ್ದವು. ಆದರೆ ಎಂಐಟಿಯ ಹಾಲ್ ಲ್ಯಾನಿಂಗ್ ರೂಪಿಸಿದ ವ್ಯವಸ್ಥೆಯಲ್ಲಿ ಪ್ರತಿ ಕೆಲಸಕ್ಕೂ ಒಂದು ಆದ್ಯತೆ ಇತ್ತು. ತಂತ್ರಾಂಶ ತಾನೇ ಮರು ಆರಂಭಗೊಂಡು, ಎಂಜಿನ್ ಮತ್ತು ದಿಕ್ಕಿನ ನಿಯಂತ್ರಣವನ್ನು ಉಳಿಸಿಕೊಂಡು, ಅಷ್ಟು ಮುಖ್ಯವಲ್ಲದ್ದನ್ನು ಕೈಬಿಟ್ಟಿತು. ನೌಕೆ ಸುರಕ್ಷಿತವಾಗಿ ಇಳಿಯಿತು.

1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎಂಬ ವಿಜ್ಞಾನಿಗಳು ಇದಕ್ಕೊಂದು ಲೆಕ್ಕ ಕೊಟ್ಟರು. ಒಂದೇ ಪ್ರೊಸೆಸರ್ ಮೇಲೆ, ಒಂದನ್ನೊಂದು ಕಾಯದ, ನಿಗದಿತ ಅವಧಿಗೊಮ್ಮೆ ಬರುವ ಕೆಲಸಗಳಿವೆ ಎನ್ನಿ. ಹೆಚ್ಚು ಸಲ ಬರುವ ಕೆಲಸಕ್ಕೆ ಹೆಚ್ಚು ಆದ್ಯತೆ ಕೊಟ್ಟರೆ, ಒಟ್ಟು ಹೊರೆ ಶೇಕಡಾ 69ರೊಳಗೆ ಇರುವವರೆಗೆ ಯಾವ ಗಡುವೂ ತಪ್ಪುವುದಿಲ್ಲ. ಅದನ್ನು ಮೀರಿದರೆ ತಪ್ಪಲೇಬೇಕೆಂದಿಲ್ಲ, ಆದರೆ ಒಂದೊಂದನ್ನೂ ಲೆಕ್ಕ ಹಾಕಿ ನೋಡಬೇಕು.

ನಮ್ಮ ಕ್ಷೇತ್ರದ ನಿತ್ಯದ ಜಗಳ ಇದೇ. "ಯಂತ್ರದ ಇಷ್ಟು ಭಾಗ ಖಾಲಿ ಏಕೆ? ಇನ್ನಷ್ಟು ಕೆಲಸ ಹಾಕಿ" ಎನ್ನುವವರು ಇದ್ದೇ ಇರುತ್ತಾರೆ. ತಾಲ್ಲೂಕು ಆಸ್ಪತ್ರೆಯ ಮುಂದೆ ನಿಂತಿರುವ 108 ಆಂಬುಲೆನ್ಸ್ ಸುಮ್ಮನೆ ನಿಂತಿದೆಯೆಂದು ಅದರಲ್ಲಿ ಸಾಮಾನು ಸಾಗಿಸುತ್ತೇವೆಯೇ? ಕರೆ ಬಂದಾಗ ಹೊರಡಲೆಂದೇ ಅದು ಅಲ್ಲಿ ನಿಂತಿದೆ. ಸರ್ವರ್‌ನಲ್ಲಿ ಉಳಿಸಿದ ಜಾಗವೂ ಅಂಥದ್ದೇ. ಅದೂ ತುಂಬುವ ಹಾಗಿದ್ದರೆ ಹೊಸ ಕೋರಿಕೆಯನ್ನು ಬಾಗಿಲಲ್ಲೇ ನಿಲ್ಲಿಸುತ್ತೇವೆ. ಎಲ್ಲವನ್ನೂ ಒಪ್ಪಿಕೊಂಡು ಎಲ್ಲರಿಗೂ ತಡಮಾಡುವುದಕ್ಕಿಂತ ಅದು ಮೇಲು.

ಮಕ್ಕಳೇ, ಇದಕ್ಕೆ ಬೇಕಾದ ಗಣಿತ ನಿಮ್ಮ ಪುಸ್ತಕದಲ್ಲೇ ಇದೆ. ಒಂದು ಕೆಲಸ 4 ಮಿಲಿಸೆಕೆಂಡಿಗೊಮ್ಮೆ, ಇನ್ನೊಂದು 6 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಎರಡೂ ಒಟ್ಟಿಗೆ ಶುರುವಾದರೆ ಮತ್ತೆ ಒಟ್ಟಿಗೆ ಬರುವುದು 12ರಲ್ಲಿ. ಆ 12 ಮಿಲಿಸೆಕೆಂಡಿನಲ್ಲಿ ಗಡುವು ತಪ್ಪದಿದ್ದರೆ ಮುಂದೆಯೂ ತಪ್ಪದು. ಅದು ಲ.ಸಾ.ಅ. ಅಲ್ಲದೆ ಬೇರೇನೂ ಅಲ್ಲ. "ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತದೆ ಸರ್?" ಎಂದು ಗಣಿತದ ಮೇಷ್ಟ್ರನ್ನು ಕೇಳುವವರಿಗೆ ನನ್ನ ಉತ್ತರ ಇದು.